ಕ್ಯಾಂಡಿನ್‌ಸ್ಕಿ ರಂಗಚಿತ್ರಗಳಿಗೆ ಅನಿಮೇಷನ್ ಮರುಹುಟ್ಟು

ಅಮೂರ್ತ ಚಿತ್ರದಲ್ಲಿನ ವೃತ್ತ, ತ್ರಿಕೋನ, ರೇಖೆಗಳು ಕಂಪ್ಯೂಟರ್ ತೆರೆಯ ಮೇಲೆ ಚಲಿಸತೊಡಗಿದರೆ ಅದು ಮೂಲ ಕಲಾವಿದನ ಕೃತಿಯಾಗಿಯೇ ಉಳಿಯುವುದೇ? ಈ ಪ್ರಶ್ನೆಗೆ ವಾಸಿಲಿ ಕ್ಯಾಂಡಿನ್‌ಸ್ಕಿಯ ರಂಗಪ್ರಯೋಗವೊಂದು ಉತ್ತಮ ನಿದರ್ಶನ.

ರಷ್ಯಾದ ಸಂಗೀತ ರಚನಕಾರ ಮುಸ್ಸೋರ್ಗ್‌ಸ್ಕಿ, ಅಗಲಿದ ಗೆಳೆಯ ವಿಕ್ಟರ್ ಹಾರ್ಟ್‌ಮನ್‌ನ ಚಿತ್ರಗಳ ನೆನಪಿನಲ್ಲಿ 1874ರಲ್ಲಿ 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್' ಎಂಬ ಪಿಯಾನೊ ಕೃತಿ ರಚಿಸಿದ. ಜರ್ಮನಿಯ ಡೆಸ್ಸಾವ್ ನಗರದ ಬೌಹೌಸ್ ಶಾಲೆಯಲ್ಲಿ ಅಧ್ಯಾಪಕನಾಗಿದ್ದ ಕ್ಯಾಂಡಿನ್‌ಸ್ಕಿ 1928ರಲ್ಲಿ ಅದನ್ನು ಅಲ್ಲಿನ ರಂಗಮಂದಿರಕ್ಕೆ ಅಳವಡಿಸಿದ. ಹದಿನಾರು ದೃಶ್ಯಗಳ ಪೈಕಿ ಎರಡರಲ್ಲಿ ಮಾತ್ರ ನರ್ತಕರಿದ್ದರು. ಉಳಿದೆಡೆ ಬಣ್ಣದ ಆಕಾರಗಳು ಮತ್ತು ಬೆಳಕೇ ಪಾತ್ರಧಾರಿಗಳು.

ಆ ಪ್ರದರ್ಶನ ಕಣ್ಮರೆಯಾಯಿತು. ಉಳಿದದ್ದು ಕಲಾವಿದನ ಜಲವರ್ಣ ಚಿತ್ರಗಳು ಹಾಗೂ ಸಹಾಯಕನಾಗಿದ್ದ, ಪಾಲ್ ಕ್ಲೀ ಪುತ್ರ ಫೆಲಿಕ್ಸ್ ಕ್ಲೀಯ ಟಿಪ್ಪಣಿಗಳುಳ್ಳ ಸ್ವರಲಿಪಿ. ಪಿಯಾನೊ ವಾದಕ ಮಿಖಾಯಿಲ್ ರೂಡಿ 2010ರ ಆಸುಪಾಸಿನಲ್ಲಿ ಈ ಚಿತ್ರಗಳನ್ನಾಧರಿಸಿದ ಅನಿಮೇಷನ್ ಚಿತ್ರವನ್ನು ರೂಪಿಸಿ, ತಮ್ಮ ವಾದನದೊಂದಿಗೆ ಪ್ರದರ್ಶಿಸಿದರು.

ಮಾಡುವ ಬಗೆ ಹೇಗೆ?

ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ಮೊದಲು ಚಿತ್ರವನ್ನು ಸ್ಕ್ಯಾನ್ ಮಾಡಿ, ಪ್ರತಿ ಆಕಾರವನ್ನೂ ಪ್ರತ್ಯೇಕ ಪದರವಾಗಿ ಬೇರ್ಪಡಿಸಲಾಗುತ್ತದೆ. ಒಂದು ವೃತ್ತವನ್ನು ಸರಿಸಿದರೆ ಅದರ ಹಿಂದಿನ ಜಾಗ ಬರಿದಾಗುತ್ತದೆ. ಅಲ್ಲಿ ಹೊಸದಾಗಿ ಬಣ್ಣ ತುಂಬಬೇಕು. ಬಳಿಕ ಚಲನೆಯ ಆರಂಭ ಮತ್ತು ಅಂತ್ಯದ ಸ್ಥಾನಗಳನ್ನು ಗುರುತಿಸಲಾಗುತ್ತದೆ. ಇವೇ ಕೀಫ್ರೇಮ್‌ಗಳು. ನಡುವಿನ ಚೌಕಟ್ಟುಗಳನ್ನು, ಚಲನಚಿತ್ರದ ಲೆಕ್ಕದಲ್ಲಿ ಸೆಕೆಂಡಿಗೆ 24ರಂತೆ, ಗಣಕವೇ ಪೂರೈಸುತ್ತದೆ.

ತೊಡಕಿರುವುದು ಇಲ್ಲಿಯೇ. ಆಕಾರ ಯಾವ ಸ್ವರಕ್ಕೆ ಪ್ರವೇಶಿಸಬೇಕೆಂಬುದನ್ನು ಟಿಪ್ಪಣಿ ಹೇಳಬಹುದು. ಅದು ಜಾರುತ್ತ ಬರಬೇಕೇ, ತಡೆತಡೆದು ಬರಬೇಕೇ ಎಂಬ ಪ್ರತಿಯೊಂದು ಸೂಕ್ಷ್ಮವನ್ನೂ ಹೇಳಲಾರದು. ರಂಗದ ಮೇಲೆ ಮನುಷ್ಯರು ಚಲಿಸಿದ ವಸ್ತುವಿಗೆ ಭಾರವಿತ್ತು, ಅಲುಗಾಟವಿತ್ತು. ಗಣಕದ ಚಲನೆಗೆ ಅವೆರಡೂ ಇಲ್ಲ. ಆಕಾರಕ್ಕೂ ಬಣ್ಣಕ್ಕೂ ಸ್ವತಂತ್ರ ಭಾವವಿದೆಯೆಂದು ನಂಬಿದ್ದ ಕಲಾವಿದನ ಕೃತಿಯಲ್ಲಿ ವೇಗದ ಅಲ್ಪ ವ್ಯತ್ಯಾಸವೂ ಅರ್ಥವನ್ನೇ ಬದಲಿಸೀತು.

ಆದ್ದರಿಂದ ಇಂತಹ ಅನಿಮೇಷನ್ ಮೂಲದ ಪ್ರತಿಯಲ್ಲ, ಒಂದು ವ್ಯಾಖ್ಯಾನ. ಒಂದೇ ಸ್ವರಲಿಪಿಯನ್ನು ಇಬ್ಬರು ವಾದಕರು ಭಿನ್ನವಾಗಿ ನುಡಿಸುವಂತೆ ಇದೂ. ಕಲಾವಿದನದು ಎಷ್ಟು, ಅನಿಮೇಷನ್‌ಕಾರನ ಊಹೆ ಎಷ್ಟು ಎಂಬುದನ್ನು ಪ್ರೇಕ್ಷಕನಿಗೆ ಸ್ಪಷ್ಟಪಡಿಸಿದರೆ, ಕಣ್ಮರೆಯಾದ ಪ್ರಯೋಗವೊಂದನ್ನು ಅರಿಯಲು ಇದು ಸಮರ್ಥ ಸಾಧನವಾಗಬಲ್ಲದು.