ಸೌದೆಗೆ ಬದಲಾಗಿ ಸಗಣಿಯ ಅನಿಲ

ಗ್ರಾಮವಾಸಿಗಳಿಗೆ ಧಾನ್ಯದಷ್ಟೇ ಅವಶ್ಯವಾದುದು ಅದನ್ನು ಬೇಯಿಸುವ ಉರುವಲು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ದಟ್ಟವಾದ ಕಾಡೂ ವಿರಳ. ಬದುವಿನ ಹೊಂಗೆ, ಕೆರೆಯಂಗಳದ ಜಾಲಿ, ಹಿಪ್ಪುನೇರಳೆಯ ಒಣಕಡ್ಡಿ, ನೀಲಗಿರಿಯ ತರಗು ಇವೇ ಒಲೆಗೆ ಆಧಾರವಾಗಿ ಬಂದಿವೆ. ಇವನ್ನು ಆಯ್ದು ಹೊತ್ತು ತರುವ ಶ್ರಮವೂ, ಹೊಗೆಯಲ್ಲಿ ಕುಳಿತು ಉರಿಸುವ ಕಷ್ಟವೂ ಬಹುಮಟ್ಟಿಗೆ ಹೆಂಗಸರ ಪಾಲಿನವು.

ಸೌದೆ ಸಾಲದಾದಾಗ ಸಗಣಿಯನ್ನು ಬೆರಣಿ ತಟ್ಟಿ ಉರಿಸುವುದುಂಟು. ಇದರಿಂದ ಭೂಮಿಗೆ ಸಲ್ಲತಕ್ಕ ಸಾರಜನಕವು ಹೊಗೆಯೊಡನೆ ಹಾರಿಹೋಗಿ ಬೂದಿ ಮಾತ್ರ ಉಳಿಯುತ್ತದೆ. ರಾಗಿಯ ಹೊಲಕ್ಕೂ ಹಿಪ್ಪುನೇರಳೆಯ ತೋಟಕ್ಕೂ ಗೊಬ್ಬರವನ್ನು ಬೇಡುವ ಈ ಸೀಮೆಯಲ್ಲಿ ಇದು ಅಲ್ಪ ನಷ್ಟವಲ್ಲ. ಒಂದೇ ಸಗಣಿಯಿಂದ ಉರಿಯನ್ನೂ ಗೊಬ್ಬರವನ್ನೂ ಪಡೆಯುವ ಉಪಾಯವೇ ಗೋಬರ್ ಗ್ಯಾಸ್.

ಇದಕ್ಕೆ ದೃಷ್ಟಾಂತವು ಈ ಸೀಮೆಯಲ್ಲಿಯೇ ಇದೆ. ಕೂಲಿಕಾರರ ಹಾಗೂ ಸಣ್ಣ ರೈತರ ಸಂಸ್ಥೆಯಾದ ಬಾಗೇಪಲ್ಲಿ ಕೂಲಿ ಸಂಘವು, ಅಡಾಟ್ಸ್ ಸಂಸ್ಥೆಯ ನೆರವಿನಿಂದ, ಅಂದಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗುಡಿಬಂಡೆ ತಾಲ್ಲೂಕುಗಳಿಗೆ 5,500 ಸ್ಥಾವರಗಳ ಯೋಜನೆಯನ್ನು ಹಾಕಿಕೊಂಡಿತು. ಒಂದೊಂದರ ಅಳತೆ 2 ಘನ ಮೀಟರ್. ಸೌದೆ, ಸೀಮೆಎಣ್ಣೆಗಳ ಉಳಿತಾಯದಿಂದ ತಗ್ಗುವ ಹೊಗೆಯ ಅನಿಲಗಳಿಗೆ ಹೊರದೇಶಗಳಿಂದ ಬೆಲೆ ಪಡೆಯುವ ಕ್ಯೋಟೋ ಒಪ್ಪಂದದ ಏರ್ಪಾಡಿನಲ್ಲಿ ಈ ಯೋಜನೆಯು 2005ರಲ್ಲಿ ನೋಂದಾಯಿತವಾಯಿತು. ಬಡವರ ಒಲೆಗೂ ಲೋಕದ ಲೆಕ್ಕದಲ್ಲಿ ಬೆಲೆಯುಂಟೆಂಬುದು ಇದರಿಂದ ತೋರಿಬಂದಿತು.

ಸ್ಥಾವರದ ಕ್ರಮವು ಸುಲಭವಾದುದು. ಸಗಣಿಯನ್ನು ಸಮತೂಕದ ನೀರಿನಲ್ಲಿ ಕಲಸಿ, ಗಾಳಿಯಾಡದ ತೊಟ್ಟಿಗೆ ಬಿಡಬೇಕು. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಅನಿಲವನ್ನುಂಟುಮಾಡುತ್ತವೆ. ಇದರಲ್ಲಿ ನೂರಕ್ಕೆ ಸುಮಾರು 60 ಭಾಗ ಉರಿಯತಕ್ಕ ಮೀಥೇನ್. ಉಳಿದುದು ಬಹುತೇಕ ಇಂಗಾಲಾಮ್ಲ ವಾಯು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುವುದರಿಂದ, 2 ಘನ ಮೀಟರ್ ಸ್ಥಾವರಕ್ಕೆ ದಿನವೊಂದಕ್ಕೆ 50 ಕಿಲೋ ಸಗಣಿ ಬೇಕು. ಎಂದರೆ ನಾಲ್ಕೈದು ರಾಸುಗಳು. ಐದಾರು ಮಂದಿಯ ಸಂಸಾರದ ಅಡಿಗೆಗೆ ಇದು ಸಾಕಾಗುತ್ತದೆ. ಹೊರಬರುವ ಬಗ್ಗಡದಲ್ಲಿ ಸಗಣಿಯ ಸತ್ತ್ವವೆಲ್ಲವೂ ಬಹುತೇಕ ಉಳಿದಿರುತ್ತದೆ. ಅದನ್ನು ತಿಪ್ಪೆಯ ಕಸದೊಡನೆ ಕೂಡಿಸಿದರೆ ಒಳ್ಳೆಯ ಗೊಬ್ಬರವಾಗುವುದು.

ಕೆಲವು ಎಚ್ಚರಿಕೆಗಳು ಅವಶ್ಯಕ. ಸಾಬೂನಿನ ನೀರಾಗಲಿ ಫಿನಾಯಿಲಾಗಲಿ ತೊಟ್ಟಿಗೆ ಸೇರಕೂಡದು, ಸೂಕ್ಷ್ಮಜೀವಿಗಳು ಸಾಯುತ್ತವೆ. ಕೊಳವೆಯಲ್ಲಿ ನಿಂತ ನೀರನ್ನು ಆಗಾಗ್ಗೆ ತೆಗೆಯಬೇಕು. ಅನಿಲ ಸೋರುವ ಸಂಶಯವಿದ್ದಲ್ಲಿ ಕೊಳವೆಯ ಹೊರಗೆ ಸಾಬೂನಿನ ನೊರೆ ಸವರಿ ನೋಡಬೇಕೇ ಹೊರತು ಬೆಂಕಿ ಹಿಡಿದು ನೋಡತಕ್ಕದ್ದಲ್ಲ. ಮಾಗಿಯ ಚಳಿಯಲ್ಲಿ ಅನಿಲ ಕಡಮೆಯಾಗುವುದು ಸಹಜ.

ಸ್ಥಾವರದ ಜೀವವು ಕೊಟ್ಟಿಗೆಯಲ್ಲಿದೆ. ಬರಗಾಲದಲ್ಲಿ ದನ ಮಾರಿದರೆ ಒಲೆಯೂ ಆರುತ್ತದೆ. ಆದುದರಿಂದ ಮೇವಿನ ಸಂಗ್ರಹವನ್ನು ಮೊದಲೇ ಯೋಚಿಸಬೇಕು. ನೀರು ದುರ್ಲಭವಾದ ಊರುಗಳಲ್ಲಿ ಗಂಜಲವನ್ನೂ ಕೊಟ್ಟಿಗೆ ತೊಳೆದ ನೀರನ್ನೂ ಕಲಸಲು ಬಳಸಬಹುದು. ಎರಡು ಮೂರು ರಾಸುಳ್ಳವರು 1 ಘನ ಮೀಟರ್ ಸ್ಥಾವರವನ್ನು ಕಟ್ಟಿಸಿಕೊಳ್ಳುವುದು ಮೇಲು. ದನವೇ ಇಲ್ಲದವರಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯು ಸೌದೆಯನ್ನು ಉಳಿಸುತ್ತದೆ.

ರೈತಬಾಂಧವರು ತಮ್ಮ ರಾಸುಗಳನ್ನೂ ನೀರನ್ನೂ ಲೆಕ್ಕ ಹಾಕಿ, ತಮಗೆ ತಕ್ಕ ಅಳತೆಯನ್ನು ಆರಿಸಿಕೊಂಡಲ್ಲಿ, ಮರವೂ ಉಳಿಯುವುದು, ಹೊಲವೂ ಕೊಬ್ಬುವುದು, ಅಡಿಗೆಮನೆಯೂ ಹೊಗೆಯಿಂದ ಮುಕ್ತವಾಗುವುದು.