ತೆರಿಗೆ ಹಣದಲ್ಲಿ ನಾಟಕ ಯಾಕೆ?

ಆಸ್ಪತ್ರೆ, ಶಾಲೆಗಳಿಗೇ ದುಡ್ಡು ಸಾಲದಿರುವಾಗ ಸರ್ಕಾರ ನಾಟಕಕ್ಕೆ ಯಾಕೆ ಖರ್ಚು ಮಾಡಬೇಕು? ನ್ಯಾಯವಾದ ಪ್ರಶ್ನೆಯೇ. ಮೈಸೂರಿನ ನಾಟಕ ಸಂಸ್ಥೆ ರಂಗಾಯಣವನ್ನು ನೋಡಿ. 1989ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಕಟ್ಟಿ ರಂಗನಿರ್ದೇಶಕ ಬಿ.ವಿ. ಕಾರಂತರ ಕೈಗೆ ಕೊಟ್ಟಿತು. ತಿಂಗಳ ಸಂಬಳ ಇದ್ದದ್ದರಿಂದ ನಟರು ಹೊಟ್ಟೆಪಾಡಿಗೆ ಬೇರೆ ಕೆಲಸ ಹುಡುಕದೆ ವರ್ಷಗಟ್ಟಲೆ ಒಟ್ಟಿಗೆ ತಾಲೀಮು ಮಾಡಿದರು. ಬರೀ ಟಿಕೆಟ್ ಹಣದಿಂದ ಇಂಥ ತಂಡ ಉಳಿಯುವುದು ಕಷ್ಟ. ದರ ಏರಿಸಿದರೆ ವಿದ್ಯಾರ್ಥಿಗಳು, ಕೂಲಿಕಾರರು ಹೊರಗೇ ಉಳಿಯುತ್ತಾರೆ. ಸೋಪು, ಬಿಸ್ಕತ್ತು ಕೊಂಡಾಗಲೆಲ್ಲ ತೆರಿಗೆ ಕಟ್ಟುವವರು ಅವರೂ ಹೌದಲ್ಲ!

ಸರ್ಕಾರದ ದುಡ್ಡು ಕಲಾವಿದರ ಬಾಯಿ ಕಟ್ಟುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸರ್ಕಾರ ಬದಲಾದ ಬೆನ್ನಲ್ಲೇ ರಂಗಾಯಣದ ನಿರ್ದೇಶಕರೂ ಬದಲಾದದ್ದುಂಟು. ಅದಕ್ಕೆ ಮದ್ದು ಅನುದಾನ ನಿಲ್ಲಿಸುವುದಲ್ಲ. ನಿರ್ದೇಶಕರ ಅವಧಿಗೆ ಕಾನೂನಿನ ರಕ್ಷಣೆ ಬೇಕು, ನಾಟಕದ ಆಯ್ಕೆ ರಂಗಕರ್ಮಿಗಳದ್ದೇ ಆಗಬೇಕು; ಸರ್ಕಾರ ಕೇಳಬೇಕಾದದ್ದು ಖರ್ಚಿನ ಲೆಕ್ಕವನ್ನಷ್ಟೇ.