ಬಾಗಿಲಿಗೆ ಬಂದ ಜಿಂಕೆಗೆ ತಿನ್ನಲು ಕೊಡಬಹುದೇ?



ಹೋದ ವಾರ ಕಾರ್ಯಕ್ರಮ ಮುಗಿದ ಮೇಲೆ ಕೇಳುಗರೊಬ್ಬರು ಫೋನ್ ಮಾಡಿದ್ದರು. ಅವರ ಮನೆ ಇಲ್ಲೇ ಚೆನ್ನೈನಲ್ಲಿ, ಗಿಂಡಿ ಕಾಡಿನ ಪಕ್ಕದಲ್ಲಿ. ಹೊಸನಗರದ ಕಡೆಯಿಂದ ಅವರ ತಾಯಿ ಬಂದಿದ್ದಾರೆ. ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ಚುಕ್ಕೆ ಜಿಂಕೆಗಳು ಬಂದು ನಿಂತರೆ ಅಮ್ಮ ಉಳಿದ ಅನ್ನ, ಚಪಾತಿ ಹಾಕುತ್ತಾರಂತೆ. "ಊರಲ್ಲಿ ದಿನಾ ಕೊಟ್ಟಿಗೆಗೆ ಅಕ್ಕಚ್ಚು ಒಯ್ದ ಕೈ. ಈ ಊರಲ್ಲಿ ಅವರಿಗೆ ಇರೋ ಸಂತೋಷ ಅದೊಂದೇ. ಬೇಡ ಅಂತ ಹೇಗೆ ಹೇಳಲಿ?" ಎಂದು ಕೇಳಿದರು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಓದಿ, ವಿಚಾರಿಸಿ ಈಗ ಬರೆಯುತ್ತಿದ್ದೇನೆ.

ಕೊಡುವುದರಲ್ಲೂ ಒಳ್ಳೆಯದಿದೆ. ಪ್ರಾಣಿಯನ್ನು ಹತ್ತಿರದಿಂದ ಕಂಡ ಮಗು ಕಾಡನ್ನು ಪ್ರೀತಿಸಲು ಕಲಿಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ಹುಲ್ಲು ಮುಚ್ಚಿಹೋದಾಗ ಕೆಲವೆಡೆ ಅರಣ್ಯದವರೇ ಜಿಂಕೆಗಳಿಗೆ ಮೇವು ಹಾಕುತ್ತಾರೆ. ನಮ್ಮ ಬಂಡೀಪುರದಲ್ಲಿ ಬೇಸಿಗೆ ಬಂದರೆ ಅರಣ್ಯ ಇಲಾಖೆಯವರು ಕೆರೆಗಳಿಗೆ ನೀರು ತುಂಬಿಸುತ್ತಾರೆ. ಆದರೆ ಇವೆಲ್ಲ ಕಾಡನ್ನು ಬಲ್ಲವರು, ಕಾಲ ನೋಡಿ, ಅಳೆದು ಮಾಡುವ ಕೆಲಸ.

ತೊಂದರೆ ಶುರುವಾಗುವುದು ಜಿಂಕೆಯ ಹೊಟ್ಟೆಯಲ್ಲಿ. ಹಸುವಿನಂತೆ ಅದೂ ಮೆಲುಕು ಹಾಕುವ ಪ್ರಾಣಿ. ಹೊಟ್ಟೆಗೆ ನಾಲ್ಕು ಭಾಗ. ಮೊದಲ ಭಾಗದಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲು, ಸೊಪ್ಪನ್ನು ಕೊಳೆಸಿ ಅರಗಿಸುತ್ತವೆ. ಅಲ್ಲಿಗೆ ಒಮ್ಮೆಲೇ ಅನ್ನ, ಬ್ರೆಡ್ಡು, ಬಿಸ್ಕತ್ತು ಹೆಚ್ಚಾಗಿ ಹೋದರೆ ಆಮ್ಲ ಏರುತ್ತದೆ, ಮೆಲುಕು ನಿಲ್ಲುತ್ತದೆ, ಪ್ರಾಣಕ್ಕೂ ಸಂಚಕಾರ.

ತಿನಿಸಿನ ಜೊತೆ ಪ್ಲಾಸ್ಟಿಕ್ ಕವರೂ ಹೋಗುತ್ತದೆ. ಉಪ್ಪು, ಎಣ್ಣೆಯ ವಾಸನೆಗೆ ಜಿಂಕೆ ಅದನ್ನೂ ನುಂಗುತ್ತದೆ. ಜಪಾನಿನ ನಾರಾ ಪಟ್ಟಣದಲ್ಲಿ ಜಿಂಕೆಗಳಿಗೆಂದೇ ಅಕ್ಕಿ ತೌಡಿನ ಬಿಲ್ಲೆಗಳನ್ನು ಮಾರುತ್ತಾರೆ, ಅದಕ್ಕೆ ಸಕ್ಕರೆ ಹಾಕುವುದಿಲ್ಲ. ಅಷ್ಟು ಜಾಗ್ರತೆ ಇದ್ದ ಊರಿನಲ್ಲೇ 2019ರಲ್ಲಿ ಸತ್ತ ಒಂದು ಜಿಂಕೆಯ ಹೊಟ್ಟೆಯಲ್ಲಿ 4.3 ಕಿಲೋ ಪ್ಲಾಸ್ಟಿಕ್ ಸಿಕ್ಕಿತು.

ಇನ್ನೊಂದು ಅಪಾಯ, ಭಯ ಬಿಟ್ಟುಹೋಗುವುದು. ಜಿಂಕೆಗೆ ಇರುವ ಆಯುಧವೇ ಅದರ ಹೆದರಿಕೆ. ಮನುಷ್ಯರ ಕೈ ನೋಡಲು ಕಲಿತದ್ದು ರಸ್ತೆಗೆ ಬರುತ್ತದೆ, ಬೀದಿನಾಯಿಗಳ ಬಾಯಿಗೂ ಸಿಗುತ್ತದೆ. ಜೊತೆಗೆ ಮರಿಯನ್ನೂ ಕರೆತರುತ್ತದೆ. ಕೊಂಬಿನ ಗಂಡು ಜಿಂಕೆ ತಿನಿಸಿಗಾಗಿ ನುಗ್ಗಿದರೆ ಮಕ್ಕಳಿಗೆ ಪೆಟ್ಟಾಗಬಹುದು. ಹತ್ತಾರು ಜಿಂಕೆಗಳು ಒಂದೇ ಕಡೆ ಮುಸುಡಿ ಇಟ್ಟರೆ ಒಂದರ ರೋಗ ಎಲ್ಲಕ್ಕೂ ಹರಡುತ್ತದೆ. ಗಿಂಡಿ ರಾಷ್ಟ್ರೀಯ ಉದ್ಯಾನವೋ ಸುಮಾರು 2.7 ಚದರ ಕಿಲೋಮೀಟರಿನ ಪುಟ್ಟ ಕಾಡು. ಅಲ್ಲಿ ರೋಗ ಹಬ್ಬಿದರೆ ದೂರ ಹೋಗಲು ಜಾಗವೇ ಇಲ್ಲ.

ಹಾಗಾಗಿ ತೂಗಿ ನೋಡಿದರೆ ಕೊಡದಿರುವುದೇ ಮೇಲು. ರಜೆಯಲ್ಲಿ ಬಂಡೀಪುರದ ದಾರಿಯಾಗಿ ಊಟಿಗೆ ಹೋಗುವವರಿಗೂ ಇದೇ ಮಾತು. ಕಾರು ನಿಲ್ಲಿಸಬೇಡಿ, ಏನನ್ನೂ ಎಸೆಯಬೇಡಿ. ಅಲ್ಲಿ ಅದು ನಿಷಿದ್ಧ ಕೂಡ.

ಇನ್ನು ಅಮ್ಮನಿಗೆ ಹೇಳುವುದು ಹೇಗೆ? ಪುಸ್ತಕದ ಮಾತು ಬೇಡ. "ಅಮ್ಮಾ, ಹಸು ಒಂದು ಪಾತ್ರೆ ಅನ್ನ ತಿಂದುಬಿಟ್ಟರೆ ಏನಾಗುತ್ತೆ?" ಎಂದು ಕೇಳಿ ನೋಡಿ. ಹೊಟ್ಟೆ ಉಬ್ಬರಿಸಿದ ದನದ ಪಕ್ಕ ರಾತ್ರಿಯಿಡೀ ಕೂತವರಿಗೆ ಉತ್ತರ ನಮಗಿಂತ ಚೆನ್ನಾಗಿ ಗೊತ್ತು. ಹಿತ್ತಿಲಲ್ಲಿ ಬಿದ್ದ ಕವರುಗಳನ್ನು ಹೆಕ್ಕುವ, ಕಸದ ಬುಟ್ಟಿಯ ಮುಚ್ಚಳ ಭದ್ರ ಮಾಡುವ ಕೆಲಸವನ್ನು ಅವರಿಗೇ ಒಪ್ಪಿಸಿ. ಮಧ್ಯಾಹ್ನ ಬಾಗಿಲಲ್ಲಿ ಕೂತು ಜಿಂಕೆ ನೋಡುವುದನ್ನು ಮಾತ್ರ ತಪ್ಪಿಸಬೇಡಿ.

ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ.